ಸೇತುವೆ ಇಳಿಯುವ ಹನ್ನೊಂದು ಸೆಕೆಂಡು

ಕಳೆದ ವಾರ ಮುಂಬಯಿ ಪಕ್ಕದ ಠಾಣೆಯ ಮಾಲ್ ಒಂದರಲ್ಲಿ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ಹೊರಗೆ ಜೋರು ಮಳೆ. ಬಂದವರೆಲ್ಲ ರೇನ್‌ಕೋಟು ಬಿಚ್ಚಿ ಪಕ್ಕದ ಖಾಲಿ ಸೀಟುಗಳ ಮೇಲೆ ಹರವಿದ್ದರು. ಎಸಿಯ ತಣ್ಣನೆ ಗಾಳಿಯಲ್ಲಿ ಒದ್ದೆ ಪ್ಲಾಸ್ಟಿಕ್ಕಿನ ವಾಸನೆ, ಕಾರ್ಪೆಟ್ಟಿನ ಮುಗ್ಗಲು ವಾಸನೆ, ಪಾಪ್‌ಕಾರ್ನಿನ ಬೆಣ್ಣೆ ವಾಸನೆ ಎಲ್ಲ ಬೆರೆತು ಮೂಗಿಗೆ ಬಡಿದದ್ದೇ ತಡ, ನಾನು ಹಿಂದಿನ ಸಾಲಿಗೆ ತಿರುಗಿ ನೋಡಿದೆ. ಅಲ್ಲಿ ಕಾಲೇಜು ಹುಡುಗಿಯರಿಬ್ಬರು ಫೋನ್ ನೋಡುತ್ತ ಕೂತಿದ್ದರು. ಆದರೂ ಆ ಮೂರು ಗಂಟೆ ನಾನು ನೆಮ್ಮದಿಯಾಗಿ ಒರಗಿ ಕೂರಲಿಲ್ಲ. ಮೂರು ವರ್ಷದ ಹಿಂದಿನ ಮಳೆಗಾಲ ಬೆನ್ನ ಹಿಂದೆಯೇ ಬಂದು ಕೂತ ಹಾಗಿತ್ತು.

ನಾನು ಡೊಂಬಿವಿಲಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಗುರುವಾರ ರಜೆ. ಒಂಟಿ ಹೆಂಗಸು, ನಲವತ್ತಾರು ದಾಟಿದವಳು, ಗುರುವಾರದ ಮಧ್ಯಾಹ್ನ ಏನು ಮಾಡಬೇಕು? ನಾನು ಸಿನಿಮಾ ನೋಡುತ್ತೇನೆ. ಯಾವುದಾದರೂ ಆದೀತು. ನೋಡಿ ಬಂದು ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡುತ್ತೇನೆ. ಗುರುವಾರವೆಂದರೆ ಚಿತ್ರಗಳ ವಾರದ ಕೊನೆಯ ದಿನ, ಮರುದಿನ ಹೊಸದು ಬರುತ್ತದೆ. ಹಾಗಾಗಿ ನಾನು ನೋಡಿದ್ದೆಲ್ಲ ಬಹುಪಾಲು ಖಾಲಿ ಸೀಟುಗಳ ನಡುವೆಯೇ.

ಆ ವರ್ಷ ಜೂನ್ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು. ಮೊದಲ ಗುರುವಾರ ಕಲ್ಯಾಣದ ಹಳೆಯ ಥಿಯೇಟರಿನಲ್ಲಿ ಒಂದು ದೆವ್ವದ ಚಿತ್ರ ನೋಡಿದೆ. ದೆವ್ವ ಬಂದಾಗಲೆಲ್ಲ ನಗೆನಟನೊಬ್ಬ ಮಂಚದಿಂದ ಬೀಳುತ್ತಿದ್ದ, ಜನ ನಗುತ್ತಿದ್ದರು. ನನಗೆ ಹೆದರಿಕೆಯಾದದ್ದು ಒಂದೇ ಕಡೆ. ನಾಯಕಿ ಕೋಣೆಯಿಂದ ಹೊರಗೆ ಹೋದ ಮೇಲೂ ಕ್ಯಾಮೆರಾ ಸ್ವಲ್ಪ ಹೊತ್ತು ಅಲ್ಲೇ ನಿಂತು ಖಾಲಿ ಕುರ್ಚಿಯನ್ನು ತೋರಿಸುತ್ತದೆ. ಏನೂ ಆಗುವುದಿಲ್ಲ. "ಆ ಕುರ್ಚಿ ಚೆನ್ನಾಗಿತ್ತು" ಎಂದು ಬರೆದುಕೊಂಡಿದ್ದೆ. ಮುಂದಿನ ವಾರ ಕತ್ತಿ ಕುದುರೆಗಳ ಚರಿತ್ರೆಯ ಚಿತ್ರ. ಜನ ಎದ್ದು ನಿಂತು ಘೋಷಣೆ ಕೂಗಿದರು, ನನ್ನ ಪಕ್ಕದ ಅಜ್ಜಿ ಚಪ್ಪಲಿ ಬಿಟ್ಟು ಕೈಮುಗಿದರು. ಅದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಠಾಣೆಯಲ್ಲಿ ಒಂದೇ ಒಂದು ಆಟ ಹಾಕಿದ ಕನ್ನಡ ಚಿತ್ರ. ಸಣ್ಣ ಊರಿನ ಲೈನ್‌ಮನ್ ಒಬ್ಬನ ಕಥೆ. ಹೋಟೆಲು ನಡೆಸುವ ನಮ್ಮ ಉಡುಪಿಯವರು ಸಂಸಾರ ಸಮೇತ ಬಂದಿದ್ದರು. ಕಟ್ಟಡ ಕೆಲಸದ ಕಲಬುರಗಿ, ರಾಯಚೂರಿನವರು ಎದುರಿನ ಸಾಲುಗಳಲ್ಲಿ. ಕರಾವಳಿಯವರು ನಕ್ಕ ಜಾಗದಲ್ಲಿ ಅವರು ನಗಲಿಲ್ಲ, ಅವರು ನಕ್ಕಲ್ಲಿ ಇವರು ಮಕ್ಕಳ ಮುಖ ನೋಡಿದರು. ಲೈನ್‌ಮನ್ ಕಂಬದ ಮೇಲಿಂದ ಬಿದ್ದಾಗ ಮಾತ್ರ ಎಲ್ಲರ ಉಸಿರೂ ಒಟ್ಟಿಗೆ ನಿಂತಿತು.

ನಾಲ್ಕನೆಯ ಚಿತ್ರದಲ್ಲಿ ನಾನು ನನ್ನ ಅಣ್ಣನನ್ನು ನೋಡಿದೆ.

ಅಣ್ಣನ ಹೆಸರು ರಘುರಾಮ. ನನಗಿಂತ ಐದು ವರ್ಷ ದೊಡ್ಡವನು. ಠಾಣೆಯ ಒಂದು ಕಂಪೆನಿಯಲ್ಲಿ ಯಂತ್ರಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದ. ಮಾತು ಕಮ್ಮಿ, ಸಿಟ್ಟು ಇಲ್ಲವೇ ಇಲ್ಲ. ಆ ಮಳೆಗಾಲಕ್ಕೆ ಒಂಬತ್ತು ವರ್ಷ ಹಿಂದೆ, ಒಂದು ದಿನ ಬೆಳಿಗ್ಗೆ ಕಲ್ಯಾಣದ ತನ್ನ ಮನೆಯಿಂದ ಊಟದ ಡಬ್ಬಿ, ಕೊಡೆ ಹಿಡಿದುಕೊಂಡು ಕೆಲಸಕ್ಕೆ ಹೊರಟವನು ಕಂಪೆನಿಗೆ ತಲುಪಲಿಲ್ಲ, ಮನೆಗೂ ಬರಲಿಲ್ಲ. ರೈಲ್ವೆ ಪೊಲೀಸರು, ಆಸ್ಪತ್ರೆಗಳು, ಶವಾಗಾರಗಳು ಎಲ್ಲ ಕಡೆ ಅಲೆದೆವು. ಎಂಟು ದಿನದ ಮೇಲೆ ಸ್ಟೇಷನ್ನಿನ ಬಿಟ್ಟುಹೋದ ಸಾಮಾನುಗಳ ಕೋಣೆಯಲ್ಲಿ ಡಬ್ಬಿ ಸಿಕ್ಕಿತು. ಯಾವುದೋ ಲೋಕಲ್ ರೈಲಿನ ಸಾಮಾನು ಹಲಗೆಯ ಮೇಲಿತ್ತಂತೆ. ಊಟ ಮಾಡಿ, ತೊಳೆದು, ಒರೆಸಿ ಮುಚ್ಚಿದ ಡಬ್ಬಿ. ಅತ್ತಿಗೆ ಅದನ್ನು ತೆರೆದು ಮೂಸಿ ನೋಡಿ ಮುಚ್ಚಿಟ್ಟದ್ದು ನನಗೆ ನೆನಪಿದೆ. ಆಮೇಲೆ ಏನೂ ಇಲ್ಲ.

ಅತ್ತಿಗೆ ಸುನಂದಾ ಪುತ್ತೂರಿನ ಕಡೆಯವರು. ಕಲ್ಯಾಣದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಗಳು ಕೇತಕಿಯನ್ನು ಸಾಕಿಕೊಂಡು, ಬೆಳಗಿನ ಹೊತ್ತು ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡು ಬಂದರು. ಆ ಮೇ ತಿಂಗಳಲ್ಲಿ ಅವರು ನನ್ನನ್ನು ಕರೆದು, ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತುಕೊಂಡೇ ಹೇಳಿದ್ದರು:

"ವಿಜಯಾ, ನೆರೂಲಿನಲ್ಲಿ ಮಧುಕರ್ ಅಂತ ಒಬ್ಬರಿದ್ದಾರೆ. ಕನ್ನಡಕದ ಅಂಗಡಿ ಉಂಟು ಅವರದ್ದು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಆಯ್ತು. ನನ್ನನ್ನು ಕೇಳಿದ್ದಾರೆ. ನನಗೂ ಮನಸ್ಸುಂಟು. ನೀನು ಬೇಡ ಅಂದರೆ ಇಲ್ಲಿಗೇ ಬಿಡುವ."

ನಾನು ಬೇಡ ಅನ್ನಲಿಲ್ಲ. ವಕೀಲೆಯೊಬ್ಬರು ಅರ್ಜಿ ತಯಾರು ಮಾಡಿದರು. ಏಳು ವರ್ಷ ಹತ್ತಿರದವರಿಗೆ ಯಾರಿಗೂ ಸುದ್ದಿ ಸಿಗದಿದ್ದರೆ ಮನುಷ್ಯ ಇಲ್ಲವೆಂದೇ ಕಾನೂನು ಎಣಿಸುತ್ತದೆ, ಮದುವೆ ಬಿಡಿಸಿಕೊಡುತ್ತದೆ. ಗಂಡನ ಮನೆಯ ಒಬ್ಬರು ಬಂದು, ಇಷ್ಟು ವರ್ಷ ನಾನು ಅವನನ್ನು ನೋಡಿಲ್ಲ, ಅವನ ಸುದ್ದಿ ಕೇಳಿಲ್ಲ ಎಂದು ಪ್ರಮಾಣ ಮಾಡಬೇಕಿತ್ತು. ಅಪ್ಪ ಅಮ್ಮ ಇಬ್ಬರೂ ಹೋಗಿಯಾಗಿತ್ತು, ಉಳಿದವಳು ನಾನೊಬ್ಬಳೇ. ಆಗಲಿ ಅತ್ತಿಗೆ, ನಾನು ಹೇಳುತ್ತೇನೆ ಎಂದಿದ್ದೆ.

ಜುಲೈ ತಿಂಗಳ ಎರಡನೆಯ ಗುರುವಾರ ಅದೇ ಕಲ್ಯಾಣದ ಥಿಯೇಟರಿಗೆ ಹೋದೆ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಹೆಂಗಸೊಬ್ಬಳ ಕಥೆಯ ಹಿಂದಿ ಚಿತ್ರ. ಸುಮಾರಾಗಿತ್ತು. ಮೊದಲರ್ಧ ಎಳೆದಿದ್ದರು, ನಾಯಕಿ ಮಾತ್ರ ಚೆನ್ನಾಗಿ ಮಾಡಿದ್ದಳು. ಇಂಟರ್ವಲ್ ಆಗಿ ಇಪ್ಪತ್ತು ನಿಮಿಷಕ್ಕೆ, ಕೆಲಸ ಬಿಡಬೇಕೋ ಬೇಡವೋ ಎಂಬ ಸಂಕಟದಲ್ಲಿ ಅವಳು ಟಿಟ್ವಾಳಾ ಸ್ಟೇಷನ್ನಿನ ಪಾದಚಾರಿ ಸೇತುವೆಯ ಕೆಳಗೆ ನಿಂತಿರುತ್ತಾಳೆ. ಮಳೆ. ಮೇಲಿನಿಂದ ಜನ ಇಳಿದು ಬರುತ್ತಾರೆ. ಸಂಗೀತವಿಲ್ಲ, ಬರೀ ಮೆಟ್ಟಿಲ ಮೇಲಿನ ಕಾಲುಗಳ ಸದ್ದು. ಆ ಜನರ ನಡುವೆ, ಎಡಗಡೆಯ ಕಂಬಿಗೆ ಒತ್ತಿಕೊಂಡು ಅಣ್ಣ ಇಳಿದು ಬಂದ. ಕೊನೆಯ ಮೆಟ್ಟಿಲಿಗೆ ಬರುವಾಗ ಕೊಡೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿ, ಒಂದು ಸಲ ನಮ್ಮ ಕಡೆ ಕಣ್ಣೆತ್ತಿದ. ದೃಶ್ಯ ಮುಗಿಯಿತು.

ಕಾಲು ತಣ್ಣಗಾಗಿ ಚಪ್ಪಲಿ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಮನೆ ಬಿಟ್ಟು ಹೋದಾಗ ಅಣ್ಣನಿಗೆ ಒಂದು ಬಿಳಿ ಕೂದಲೂ ಇರಲಿಲ್ಲ. ಪರದೆಯ ಮೇಲಿದ್ದವನ ತಲೆ ಅರ್ಧ ಬೆಳ್ಳಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಎಲ್ಲೋ ಒಂದು ಕಡೆ ಇದ್ದುಕೊಂಡು, ನನ್ನ ಹಾಗೆಯೇ ದಿನ ದಿನವೂ ವಯಸ್ಸಾಗುತ್ತ ಬಂದ ಮುಖ ಅದು.

ಚಿತ್ರ ಎರಡನೆಯ ವಾರಕ್ಕೂ ಉಳಿದಿತ್ತು, ಮರುದಿನ ರಜೆ ಹಾಕಿ ಮತ್ತೆ ಹೋದೆ. ಆ ದೃಶ್ಯ ಎಷ್ಟು ಹೊತ್ತೆಂದು ಕೈಗಡಿಯಾರ ನೋಡಿಕೊಂಡೆ. ಹನ್ನೊಂದು ಸೆಕೆಂಡು. ಅಣ್ಣ ಕಾಣುವುದು ಕೊನೆಯ ನಾಲ್ಕು. ಫೋನ್ ಎತ್ತಿ ಫೋಟೊ ಹಿಡಿಯಲು ಹೋದರೆ ಗೇಟಿನ ಶರಣಪ್ಪ ಕತ್ತಲಲ್ಲೇ ಬಂದು, "ಫೋನ್ ತಗೀಬ್ಯಾಡ್ರಿ ಅಕ್ಕಾರ, ಮ್ಯಾನೇಜರ್ ಬೈತಾರ" ಎಂದ. ಶರಣಪ್ಪ ಕಲಬುರಗಿ ಕಡೆಯವನು, ಐವತ್ತರ ಮೇಲಿನ ಮನುಷ್ಯ. ನಾನು ಊರಿಗೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಒಂದು ದಿನ ತಾನಾಗಿ ಗುರುತು ಮಾಡಿಕೊಂಡಿದ್ದ. ಹಿಡಿದ ಒಂದೇ ಫೋಟೊದಲ್ಲಿ ಬೂದು ಬಣ್ಣದ ಕಲೆಯ ಹೊರತು ಏನೂ ಇರಲಿಲ್ಲ.

ಭಾನುವಾರ ವಾಶಿಗೆ ಹೋಗಿ ನೋಡಿದೆ. ಅಲ್ಲಿನ ಪರದೆ ದೊಡ್ಡದು, ಬೆಳಕು ಚೆನ್ನಾಗಿತ್ತು. ಅಲ್ಲಿ ಅವನು ಅಣ್ಣನಲ್ಲ. ಮೂಗು ಬೇರೆ, ಹಣೆ ಬೇರೆ, ಯಾರೋ ಅಪರಿಚಿತ. ಸಮಾಧಾನವಾಗಿ ಎರಡು ದಿನ ನಿದ್ದೆ ಮಾಡಿದೆ. ಗುರುವಾರ ಅಂಬರನಾಥದ ಹಳೆಯ ಥಿಯೇಟರಿಗೆ ಹೋದರೆ, ಅಲ್ಲಿ ಮತ್ತೆ ಅಣ್ಣನೇ. ಅದೇ ನಡಿಗೆ, ಎಡ ಭುಜ ಸ್ವಲ್ಪ ಜಗ್ಗಿದ ಹಾಗೆ. ಪರದೆ ಮಂಕಾದಷ್ಟೂ ಅವನು ಅಣ್ಣನಾಗುತ್ತಿದ್ದ. ಆ ದಿನ ಥಿಯೇಟರಿನಲ್ಲಿ ನಾವು ನಾಲ್ಕೇ ಜನ. ಮಳೆ ತಗಡಿನ ಮಾಡಿನ ಮೇಲೆ ಬೀಳುವ ಸದ್ದು, ಪರದೆಯ ಮಳೆಯ ಸದ್ದು ಎರಡೂ ಕಲಸಿ, ಯಾವುದು ಹೊರಗಿನದು ಯಾವುದು ಒಳಗಿನದು ತಿಳಿಯದೆ ನಾನು ಕುರ್ಚಿಯ ಕೈ ಗಟ್ಟಿ ಹಿಡಿದು ಕೂತಿದ್ದೆ. ಅಲ್ಲಿಂದ ಬರುವಾಗ ಲೋಕಲ್ಲಿನ ಕಿಟಕಿಯಲ್ಲಿ ಕಂಡ ಪ್ರತಿಯೊಬ್ಬ ನರೆತ ಗಂಡಸಿನ ಮುಖವನ್ನೂ ಓದಿದೆ.

ಚಿತ್ರದ ಕಂಪೆನಿಯ ನಂಬರು ಹುಡುಕಿ ಫೋನ್ ಮಾಡಿದೆ. ಒಬ್ಬ ಹುಡುಗಿ ಸಾವಧಾನವಾಗಿ ಕೇಳಿಸಿಕೊಂಡು ಹಿಂದಿಯಲ್ಲಿ ಹೇಳಿದಳು: ಆ ದೃಶ್ಯ ಎರಡು ಮಳೆಗಾಲದ ಹಿಂದೆ ಅಡಗಿಸಿಟ್ಟ ಕ್ಯಾಮೆರಾದಲ್ಲಿ ತೆಗೆದದ್ದು, ಇಳಿದು ಬಂದವರೆಲ್ಲ ನಿಜವಾದ ಪ್ರಯಾಣಿಕರು, ಯಾರ ಹೆಸರೂ ಯಾರ ಹತ್ತಿರವೂ ಇಲ್ಲ.

ಅತ್ತಿಗೆಗೆ ಹೇಳಬೇಕೋ ಬೇಡವೋ? ಹೇಳಿದರೆ ಹೊಸದಾಗಿ ಚಿಗುರಿದ ಅವರ ಬದುಕನ್ನು ನಾನೇ ಚಿವುಟಿದಂತೆ. ಹೇಳದಿದ್ದರೆ ಕೋರ್ಟಿನಲ್ಲಿ ಕೈಯೆತ್ತಿ ನೋಡಿಲ್ಲ ಎನ್ನಬೇಕು. ಆ ಎರಡು ವಾರ ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಅವರೂ ಫೋನ್ ಮಾಡಲಿಲ್ಲ. ಮಾಡದಿರುವುದು ಒಳ್ಳೆಯದೇ ಆಯಿತು ಎಂದುಕೊಂಡೆ.

ಜುಲೈ ಕೊನೆಗೆ ಎಲ್ಲ ಕಡೆ ಚಿತ್ರ ತೆಗೆದರು. ಕಲ್ಯಾಣದಲ್ಲಿ ಮಾತ್ರ ಬೇರೆ ಚಿತ್ರ ಸಿಗದೆ ಮಧ್ಯಾಹ್ನದ ಒಂದಾಟಕ್ಕೆ ಅದನ್ನೇ ಉಳಿಸಿಕೊಂಡಿದ್ದರು. ಗುರುವಾರ ನನ್ನನ್ನು ಕಂಡ ಶರಣಪ್ಪ ಟಿಕೆಟ್ ಹರಿಯುತ್ತ ಕೇಳಿದ:

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಪಿಚ್ಚರ್‌ನ್ಯಾಗ ಅಂಥಾದ್ದೇನೈತ್ರಿ?"

"ಯಾಕೆ ಶರಣಪ್ಪ?"

"ನೀವು ಇದು ಮೂರನೇ ಸಲ. ಇನ್ನೊಬ್ರು ಅದಾರ. ಮಂಗಳವಾರ ಬರ್ತಾರ, ಶುಕ್ರವಾರ ಬರ್ತಾರ. ರೇನ್‌ಕೋಟ್ ಹಾಕ್ಕೊಂಡು ಕಡೀ ಸಾಲಿನ್ಯಾಗ ಕುಂದರ್ತಾರ. ಟೊಪಗಿ ಸೈತ ತಗಿಯಂಗಿಲ್ಲ. ಆ ಬ್ರಿಜ್ಜಿನ ಸೀನ್ ಬಂತಂದ್ರ ಎದ್ದು ಹೊಂಟುಬಿಡ್ತಾರ. ಪೂರಾ ಪಿಚ್ಚರ್ ಒಂದು ದಿನಾನೂ ನೋಡಿಲ್ರಿ."

"ಮುಖ ನೋಡಿದ್ದೀಯಾ?"

"ಮಾರಿ ಎಲ್ಲಿ ಕಾಣ್ತೈತ್ರಿ, ಕತ್ತಲದಾಗ ಬರ್ತಾರ, ಕತ್ತಲದಾಗ ಹೋಗ್ತಾರ. ಮಾತಿಲ್ಲ ಕತಿಯಿಲ್ಲ. ನನಗ ಒಂದೊಂದ್ಸಲ ಅಂಜಿಕಿ ಬರ್ತೈತ್ರಿ. ಅವರು ಎದ್ದ ಮ್ಯಾಲೆ ಸೀಟ್ ನೀರ್ ನೀರ್ ಆಗಿರ್ತೈತಿ, ಅದಕ್ಕ ಗೊತ್ತಾಗ್ತೈತಿ ಬಂದಿದ್ರು ಅಂತ."

ಆ ದಿನ ನಾನು ಚಿತ್ರ ನೋಡಲಿಲ್ಲ, ಹಿಂದಿನ ಸಾಲನ್ನೇ ನೋಡುತ್ತ ಕೂತೆ. ಅಲ್ಲಿ ಯಾರೂ ಇರಲಿಲ್ಲ. ಮಡಚಿಕೊಂಡ ಸೀಟುಗಳು ಪರದೆಯ ಬೆಳಕಿಗೆ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿದ್ದವು. ತನ್ನನ್ನು ತಾನೇ ನೋಡಲು ಅಣ್ಣ ಇಲ್ಲಿಗೆ ಬರುತ್ತಿದ್ದಾನೆ ಎಂದು ನನಗೆ ಅನುಮಾನವೇ ಉಳಿದಿರಲಿಲ್ಲ. ಮಾತಿಲ್ಲದೆ ಬಂದು ಮಾತಿಲ್ಲದೆ ಹೋಗುವುದು ಅವನ ಸ್ವಭಾವವೇ.

ಮಂಗಳವಾರ ಕಾಲೇಜಿಗೆ ಮೈ ಸರಿಯಿಲ್ಲ ಎಂದು ಹೇಳಿ ಹೋದೆ. ಮುಂದಿನ ಸಾಲಿನ ಮೂಲೆಯಲ್ಲಿ, ಹಿಂದಕ್ಕೆ ನೋಡಲು ಅನುಕೂಲವಾಗುವ ಹಾಗೆ ಓರೆಯಾಗಿ ಕೂತೆ. ಒಟ್ಟು ಏಳೆಂಟು ಜನ. ಒಬ್ಬರು ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಇಂಟರ್ವಲ್ಲಿನ ದೀಪಗಳಲ್ಲಿ ಹಿಂದಿನ ಸಾಲು ಖಾಲಿಯಾಗಿಯೇ ಇತ್ತು. ದೀಪ ಆರಿ ಸ್ವಲ್ಪ ಹೊತ್ತಿಗೆ ಹಿಂದಿನ ಬಾಗಿಲ ಪರದೆ ಅಲ್ಲಾಡಿತು. ಹೊರಗಿನ ಬೆಳಕು ಒಂದು ಪಟ್ಟಿಯಾಗಿ ಬಿದ್ದು ಮಾಯವಾಯಿತು. ಮತ್ತೆ ನೋಡಿದರೆ ಕೊನೆಯ ಸಾಲಿನ ನಡುವೆ ಒಂದು ಆಕಾರ ಕೂತಿತ್ತು. ತಲೆಯ ಮೇಲೆ ಟೋಪಿ, ಅದರಡಿ ಕತ್ತಲೆ. ಪರದೆಯಲ್ಲಿ ಬೆಳಕು ಹೆಚ್ಚಿದಾಗ ರೇನ್‌ಕೋಟಿನ ಭುಜ ಮಿಂಚುತ್ತಿತ್ತು. ಒಂದಿಷ್ಟೂ ಅಲುಗಾಟವಿಲ್ಲ.

ಸೇತುವೆಯ ದೃಶ್ಯ ಬಂತು. ನಾನು ಪರದೆಗೆ ಬೆನ್ನು ಹಾಕಿ ಎದ್ದು ನಿಂತಿದ್ದೆ. ಮೆಟ್ಟಿಲ ಮೇಲಿನ ಕಾಲುಗಳ ಸದ್ದು ಮಾತ್ರ ಕೇಳುತ್ತಿತ್ತು. ಸದ್ದು ನಿಂತ ಕೂಡಲೇ ಆ ಆಕಾರ ಎದ್ದಿತು.

ನಾನು ಸೀಟುಗಳ ನಡುವೆ ಎಡವುತ್ತ ಓಡಿದೆ. ಹೊರಗಿನ ಕಾರಿಡಾರಿನಲ್ಲಿ ಒಂದೇ ಟ್ಯೂಬ್‌ಲೈಟು, ನೆಲದ ಮೇಲೆ ಒದ್ದೆ ಹೆಜ್ಜೆಗಳು. ನೀಲಿ ರೇನ್‌ಕೋಟಿನ ಬೆನ್ನು ಮೆಟ್ಟಿಲಿಳಿಯುತ್ತಿತ್ತು. ಅದು ಅಣ್ಣನದೇ ರೇನ್‌ಕೋಟು. ಅವನಿಗೆ ಕೆಲಸ ಸಿಕ್ಕ ಕೆಲವು ವರ್ಷಕ್ಕೆ ನಾನೇ ಜೊತೆಗೆ ಹೋಗಿ ಕೊಡಿಸಿದ್ದು. ಬೆನ್ನಿನ ಮೇಲೆ ಹರಿದಲ್ಲಿ ಅಂಟಿಸಿದ ಚೌಕ ತುಂಡು ಇನ್ನೂ ಹಾಗೇ ಇತ್ತು.

"ಅಣ್ಣಾ" ಎಂದೆ.

ಆಕಾರ ನಿಂತಿತು. ನಾನು ಇನ್ನೊಂದು ಮೆಟ್ಟಿಲು ಇಳಿದೆ. ನಿಧಾನವಾಗಿ ತಿರುಗಿ ಟೋಪಿ ಹಿಂದಕ್ಕೆ ಸರಿಸಿದ್ದು ಅತ್ತಿಗೆ.

ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಅವರು, "ನಿನ್ನ ದನಿ ಕೇಳಿ ನಾನು ಸತ್ತೇ ಹೋದೆ ಅಂದುಕೊಂಡೆ" ಎಂದರು.

ಥಿಯೇಟರಿನ ಎದುರಿನ ಹೋಟೆಲಿನಲ್ಲಿ ಚಹಾ ತರಿಸಿಕೊಂಡು ಕೂತೆವು. ಅತ್ತಿಗೆ ರೇನ್‌ಕೋಟು ಬಿಚ್ಚಲಿಲ್ಲ. ಅಣ್ಣ ಹೋದ ದಿನ ಕೊಡೆ ತೆಗೆದುಕೊಂಡು ಇದನ್ನು ಬಾಗಿಲ ಹಿಂದೆಯೇ ಬಿಟ್ಟಿದ್ದನಂತೆ. ಒಂಬತ್ತು ವರ್ಷ ಅದನ್ನು ಮುಟ್ಟಿದವರಲ್ಲ.

"ನೀವು ಯಾವಾಗ ನೋಡಿದಿರಿ ಅತ್ತಿಗೆ?"

"ಮೊದಲನೇ ವಾರವೇ. ಮಧುಕರ್ ಕರ್ಕೊಂಡು ಹೋಗಿದ್ದರು, ನೆರೂಲಿನ ಹತ್ತಿರ. ನಾವಿಬ್ಬರೂ ಒಟ್ಟಿಗೆ ನೋಡಿದ ಮೊದಲ ಸಿನಿಮಾ ಅದು." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಅವರು ನನ್ನ ಕೈ ಹಿಡಿದಿದ್ದರು ವಿಜಯಾ. ಆಗ ಇವರು ಮೆಟ್ಟಿಲು ಇಳಿದು ಬಂದರು. ನೋಡಿದರು ನನ್ನನ್ನು. ನಾನು ಕೈ ಎಳೆದುಕೊಂಡೆ. ಮಧುಕರ್ ಚಳಿ ಆಗ್ತದಾ ಅಂತ ಕೇಳಿದರು. ಹೌದು ಅಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳುವುದು ಮಾರಾಯ್ತಿ? ನೀನು ಬಂದು ನೋಡಿ, ಇದು ಅಣ್ಣ ಅಲ್ಲ ಅಂದರೆ ನನಗೆ ಹುಚ್ಚು ಅಂತ ಆಯ್ತು. ಹೌದು ಅಂದರೆ ಮತ್ತೆಂತ ಮಾಡುವುದು? ನೀನು ಯಾಕೆ ಹೇಳಲಿಲ್ಲ ನನಗೆ?"

ನಾನು ಲೋಟ ಪಕ್ಕಕ್ಕೆ ಸರಿಸಿದೆ.

"ನಿಮಗೆ ಏನನ್ನಿಸುತ್ತದೆ? ಅವನೇನಾ?"

"ಒಂದು ದಿನ ಹೌದು ಅನ್ನಿಸ್ತದೆ. ಒಂದು ದಿನ ಅಲ್ಲ ಅನ್ನಿಸ್ತದೆ. ಹೌದು ಅನ್ನಿಸಿದ ದಿನ ಬದುಕಿದ್ದಾರಲ್ಲ ಅಂತ ಸಂತೋಷ ಆಗುವುದಿಲ್ಲ. ಅದೇ ನನಗೆ ಹೆದರಿಕೆ. ಡಬ್ಬಿ ತೊಳೆದಿಟ್ಟು ಹೋದವರು ವಿಜಯಾ. ರೈಲಿನಿಂದ ಬಿದ್ದವರು ಡಬ್ಬಿ ತೊಳೆಯುವುದಿಲ್ಲ. ನನಗೆ ಆವತ್ತೇ ಗೊತ್ತಿತ್ತು. ಸತ್ತಿದ್ದಾರೆ ಅಂತ ಹೇಳಿಕೊಳ್ಳುವುದು ಸುಲಭ ಅಂತ ಹಾಗೆ ಹೇಳಿಕೊಂಡೆ."

ಟಿಟ್ವಾಳಾದ ಗಣಪತಿಗೆ ಹೋಗುತ್ತೇನೆಂದು ಮಗಳಿಗೆ ಹೇಳಿ, ಲ್ಯಾಬಿಗೆ ರಜೆ ಹಾಕಿ, ನಾಲ್ಕು ದಿನ ಒಬ್ಬರೇ ಆ ಸೇತುವೆಯ ಕೆಳಗೆ ನಿಂತು ಬಂದಿದ್ದರು. ಐದನೆಯ ಸಲ ನಾನೂ ಜೊತೆಗೆ ಹೋದೆ. ಬೆಳಿಗ್ಗೆ ಏಳರಿಂದ ಹತ್ತರ ತನಕ ನಿಂತೆವು. ದೂರದ ಅಗ್ಗದ ಫ್ಲ್ಯಾಟುಗಳಿಂದ ಜನ ಬರುತ್ತಲೇ ಇದ್ದರು, ಕೊಡೆಗಳು, ಡಬ್ಬಿಗಳು, ಬೆನ್ನ ಚೀಲಗಳು. ಅಣ್ಣನ ಹಳೆಯ ಫೋಟೊವನ್ನು ಅಕ್ಕಪಕ್ಕದ ಅಂಗಡಿಯವರಿಗೆ ತೋರಿಸಿದೆವು. ಒಬ್ಬರು ನೋಡಿಲ್ಲ ಎಂದರು, ಇನ್ನೊಬ್ಬರು ಇಂಥವರು ದಿನಕ್ಕೆ ನೂರು ಜನ ಎಂದರು. ಒಂದು ಗಂಟೆ ಕಳೆದ ಮೇಲೆ ನನಗೆ ವಿಚಿತ್ರವಾಗತೊಡಗಿತು. ಇಳಿದು ಬರುವ ಪ್ರತಿಯೊಬ್ಬ ಗಂಡಸೂ ದೂರದಿಂದ ಅಣ್ಣನೇ. ಹತ್ತಿರ ಬರುತ್ತ ಬರುತ್ತ ಅವನ ಮುಖ ಕರಗಿ ಬೇರೆಯವರ ಮುಖವಾಗುತ್ತಿತ್ತು. ನಮ್ಮಿಬ್ಬರನ್ನು ದಾಟಿ ಹೋದ ಮೇಲೆ ಬೆನ್ನು ಮತ್ತೆ ಅಣ್ಣನದಾಗುತ್ತಿತ್ತು. ಅತ್ತಿಗೆಯ ಕೈ ಹಿಡಿದೆ. ಅವರಿಗೂ ಹಾಗೆಯೇ ಕಾಣುತ್ತಿತ್ತೆಂದು ಕೇಳದೆಯೇ ಗೊತ್ತಾಯಿತು.

"ಸಾಕು, ಹೋಗುವ" ಎಂದರು ಅತ್ತಿಗೆ. "ಸಿಕ್ಕಿದರೆ ನಾನು ಎಂತ ಕೇಳುವುದು? ಬರಬೇಕು ಅಂತ ಇದ್ದವರಿಗೆ ಮನೆ ಗೊತ್ತುಂಟು. ನಾನು ಮನೆ ಕೂಡ ಬದಲಾಯಿಸಲಿಲ್ಲ."

ಅದೇ ವಾರ ಅವರು ನನ್ನನ್ನು ಕರೆದುಕೊಂಡು ವಕೀಲೆಯ ಕಚೇರಿಗೆ ಹೋದರು. ವಕೀಲೆ ಮರಾಠಿಯವರು, ಅತ್ತಿಗೆ ಮರಾಠಿಯಲ್ಲೇ ಮಾತಾಡಿದರು. ಅರ್ಜಿಯಲ್ಲಿ ಗಂಡ ಬದುಕಿರುವ ಸುದ್ದಿಯಿಲ್ಲ ಎಂದು ಬರೆದದ್ದನ್ನು ತೆಗೆಯಬೇಕು, ಬಿಟ್ಟು ಹೋದರು ಎಂದು ಬರೆಯಬೇಕು ಎಂದರು. ವಕೀಲೆ ಕನ್ನಡಕ ತೆಗೆದು ನೋಡಿದರು. ಈ ದಾರಿ ಸುಲಭ, ಇಷ್ಟು ದೂರ ಬಂದು ಯಾಕೆ ಬದಲಾವಣೆ, ಜನ ಆಡಿಕೊಳ್ಳುತ್ತಾರೆ, ಗಂಡ ಸತ್ತವಳಿಗೆ ಇರುವ ಮರ್ಯಾದೆ ಗಂಡ ಬಿಟ್ಟು ಹೋದವಳಿಗೆ ಇರುವುದಿಲ್ಲ ಎಂದರು.

ಅತ್ತಿಗೆ ಕೇಳಿಸಿಕೊಂಡು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಸತ್ತರು ಅಂತ ಬರೆದು, ಅವರು ಎಲ್ಲಾದರೂ ಇದ್ದರೆ ನಾವಿಬ್ಬರೂ ಸುಳ್ಳು ಹೇಳಿದ ಹಾಗೆ. ಬಿಟ್ಟು ಹೋದರು ಅಂತ ಬರೆದರೆ, ಅವರು ಸತ್ತಿದ್ದರೂ ಅದು ಸತ್ಯವೇ ಅಲ್ಲವಾ? ನೀನು ಅದನ್ನು ಪ್ರಮಾಣ ಮಾಡಿ ಹೇಳಬಹುದು."

ಮಧುಕರರಿಗೆ ಎಲ್ಲವನ್ನೂ ಅವರೇ ಹೇಳಿದರು, ನಾನೂ ಇದ್ದೆ. ಅಂಗಡಿಯ ಗಾಜಿನ ಹಿಂದೆ ಕೂತು, ಕೈಯಲ್ಲಿದ್ದ ಯಾರದೋ ಕನ್ನಡಕವನ್ನು ಒರೆಸುತ್ತಲೇ ಅವರು ಕೇಳಿದರು. ಮುಗಿದ ಮೇಲೆ ಮರಾಠಿಯಲ್ಲಿ ಅಂದರು, "ಆ ದಿನ ಕೈ ಎಳೆದುಕೊಂಡಿರಿ. ನಾನು ಹಿಡಿದದ್ದು ತಪ್ಪಾಯಿತೇನೋ ಎಂದು ಒಂದು ತಿಂಗಳಿಂದ ಯೋಚನೆ ಮಾಡುತ್ತಿದ್ದೇನೆ." ಆಮೇಲೆ ಕನ್ನಡಕವನ್ನು ಗಾಜಿನ ಮೇಲಿಟ್ಟು, "ನಾನು ಕಾಯುತ್ತೇನೆ. ಅವರು ಬಂದರೂ ನನಗೆ ಹೇಳಿ" ಎಂದರು. ಅತ್ತಿಗೆ ಮೊದಲ ಸಲ ಅತ್ತರು.

ಸೆಪ್ಟೆಂಬರಿನಲ್ಲಿ ಆ ಚಿತ್ರ ಫೋನಿನಲ್ಲಿ ನೋಡಲು ಸಿಗತೊಡಗಿತು. ಆ ಹೊತ್ತಿಗೆ ಕೇತಕಿಗೂ ಹೇಳಿಯಾಗಿತ್ತು. ಅಪ್ಪ ಹೋದಾಗ ಅವಳಿಗೆ ಹನ್ನೊಂದು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಊಟದ ಮೇಜಿನ ಮೇಲೆ ಫೋನಿಟ್ಟು ಮೂವರೂ ಬಗ್ಗಿ ನೋಡಿದೆವು. ಸೇತುವೆ, ಮಳೆ, ಇಳಿಯುವ ಜನ. ದೃಶ್ಯ ಮುಗಿಯಿತು. ಎಡಗಡೆಯ ಕಂಬಿಯ ಹತ್ತಿರ ಯಾರೂ ಬರಲಿಲ್ಲ. ಕೇತಕಿ ಹಿಂದಕ್ಕೆ ಎಳೆದು ಮತ್ತೆ ಹಾಕಿದಳು. ಇನ್ನೊಮ್ಮೆ. ನಾನು ಗಡಿಯಾರ ನೋಡಿದೆ. ಹನ್ನೊಂದು ಸೆಕೆಂಡಿನ ದೃಶ್ಯ ಏಳು ಸೆಕೆಂಡಿಗೆ ಇಳಿದಿತ್ತು. ಫೋನಿಗೆಂದು ಎಲ್ಲೋ ಕತ್ತರಿಸಿದ್ದರು, ಅಣ್ಣ ಬರುವ ಮೊದಲೇ.

"ಆತ್ಯಾ, ಇಸ್ಮೇ ತೋ ಕೋಯಿ ಹೈ ಹೀ ನಹೀಂ" ಎಂದಳು ಕೇತಕಿ. ಇದರಲ್ಲಿ ಯಾರೂ ಇಲ್ಲವೇ ಇಲ್ಲ ಅಂತ. ನನ್ನನ್ನೂ ತಾಯಿಯನ್ನೂ ಸರದಿಯಂತೆ ನೋಡಿದಳು. ನಾವು ನೋಡಿದ್ದಕ್ಕೆ ನಾವಿಬ್ಬರೇ ಸಾಕ್ಷಿ ಎಂದು ನನಗೆ ಆಗ ತಿಳಿಯಿತು. ರಾತ್ರಿ ಡೊಂಬಿವಿಲಿಗೆ ಬಂದ ಮೇಲೆ ನನ್ನ ಸಿನಿಮಾ ಪುಸ್ತಕ ತೆಗೆದು ನೋಡಿದೆ. ಜುಲೈ ಎರಡನೆಯ ಗುರುವಾರದ ಪುಟದಲ್ಲಿ ನಾಯಕಿ, ಹಾಡು, ಎಳೆದ ಮೊದಲರ್ಧ ಎಲ್ಲ ಇತ್ತು. ಅಣ್ಣನ ಬಗ್ಗೆ ನಾನು ಒಂದು ಅಕ್ಷರವನ್ನೂ ಬರೆದಿರಲಿಲ್ಲ.

ಪತ್ರಿಕೆಯಲ್ಲಿ ನೋಟಿಸು ಬಂತು. ಇಂಥ ದಿನ ಹಾಜರಾಗದಿದ್ದರೆ ಒಂದು ಪಕ್ಷದ ಮಾತನ್ನೇ ಕೇಳಿ ತೀರ್ಮಾನ ಮಾಡಲಾಗುವುದು ಎಂದು ಮರಾಠಿಯಲ್ಲಿ ನಾಲ್ಕು ಸಾಲು, ಮೇಲೆ ಅಣ್ಣನ ಪೂರ್ತಿ ಹೆಸರು. ನನ್ನ ಸಾಕ್ಷಿ, ಆದೇಶ, ಠಾಣೆಯಲ್ಲಿ ಅವರಿಬ್ಬರ ನೋಂದಣಿ ಮದುವೆ ಎಲ್ಲ ಆಮೇಲೆ ಒಂದೊಂದಾಗಿ ಆಯಿತು. ಅತ್ತಿಗೆ ಈಗ ನೆರೂಲಿನಲ್ಲಿ ಸುಖವಾಗಿದ್ದಾರೆ, ನಾನು ಹೋಗಿ ಬಂದು ಮಾಡುತ್ತೇನೆ. ಆ ಮಳೆಗಾಲ ನನ್ನ ಮಟ್ಟಿಗೆ ಮುಗಿದದ್ದು ಮಾತ್ರ ಆ ನೋಟಿಸಿನಲ್ಲಿ ಹೇಳಿದ ದಿನ, ಅಕ್ಟೋಬರಿನ ಹಿಂಗಾರು ಹನಿಯುತ್ತಿದ್ದ ಒಂದು ಬೆಳಿಗ್ಗೆ, ಕಲ್ಯಾಣದ ಕೋರ್ಟಿನಲ್ಲಿ.

ಹನ್ನೆರಡು ಗಂಟೆಗೆ ನಮ್ಮ ಸರದಿ ಬಂತು. ಎದುರು ಪಕ್ಷದವರು ಇದ್ದಾರಾ ಎಂದು ನ್ಯಾಯಾಧೀಶೆ ಕೇಳಿದರು. ಕೋರ್ಟಿನ ಜವಾನ ಪಟ್ಟೆವಾಲಾ, ನಿವೃತ್ತಿಗೆ ಹತ್ತಿರವಾದ ಮನುಷ್ಯ, ಎದ್ದು ಬಾಗಿಲಿಗೆ ಹೋಗಿ ಹೊರಗಿನ ಉದ್ದ ಕಾರಿಡಾರಿಗೆ ಮುಖ ಮಾಡಿ ಅಣ್ಣನ ಹೆಸರು ಕೂಗಿದ. "ರಘುರಾಮ್, ಹಾಜರ್ ಆಹೇ ಕಾ?" ಕಾರಿಡಾರಿನಲ್ಲಿ ಮಾತಾಡುತ್ತಿದ್ದವರು ಸುಮ್ಮನಾದರು. ಒಂಬತ್ತು ವರ್ಷದಿಂದ ಯಾರೂ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಕರೆದಿರಲಿಲ್ಲ. ಅವನು ಎರಡನೆಯ ಸಲ ಕೂಗಿದ. ಕೆಳಗಿನಿಂದ ಯಾರೋ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿತು, ಒಂದೊಂದೇ ಹೆಜ್ಜೆ, ಒದ್ದೆ ಚಪ್ಪಲಿ. ಅತ್ತಿಗೆ ಬೆಂಚಿನ ಅಂಚು ಹಿಡಿದರು. ಮೇಲೆ ಬಂದದ್ದು ಕಡತದ ಕಟ್ಟು ಹೊತ್ತ ಒಬ್ಬ ಗುಮಾಸ್ತ. ಮೂರನೆಯ ಸಲ ಕೂಗಿದ. ಮೂರೇ ಸಲ ಕರೆಯುವುದು ಅಲ್ಲಿನ ಕ್ರಮ. ಮುಗಿಸಿ ಅವನು ಒಳಗೆ ತಿರುಗಿದ.

ಅತ್ತಿಗೆ ಎದ್ದು ಬಾಗಿಲಿಗೆ ಹೋದರು. ತಗ್ಗಿದ ದನಿಯಲ್ಲಿ ಮರಾಠಿಯಲ್ಲಿ ಅವನನ್ನು ಕೇಳಿದರು, "ದಾದಾ, ಇನ್ನೊಂದೇ ಸಲ ಕರೀತೀರಾ?"

ಅವನು ನ್ಯಾಯಾಧೀಶೆಯ ಕಡೆ ನೋಡಿದ. ಅವರು ಕಾಗದದಿಂದ ತಲೆಯೆತ್ತಲಿಲ್ಲ. ಅವನು ಮತ್ತೆ ಕಾರಿಡಾರಿಗೆ ಬಂದು, ಗಂಟಲು ಸರಿ ಮಾಡಿಕೊಂಡು, ಈ ಸಲ ಹಾಜರಿದ್ದಾರಾ ಎಂದು ಕೇಳದೆ ಬರೀ ಹೆಸರನ್ನಷ್ಟೇ, ಮನೆಯವರು ಕರೆದ ಹಾಗೆ ಎಳೆದು ಕರೆದ. ಕಾರಿಡಾರಿನ ಕೊನೆಯ ತನಕ ಹೋದ ಆ ಹೆಸರು ನಿಲ್ಲುವವರೆಗೆ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಒಳಗೆ ಬಂದು ನನ್ನ ಪಕ್ಕ ಕೂತು, ಸೆರಗು ಸರಿ ಮಾಡಿಕೊಂಡು, "ಆಯ್ತು" ಎಂದರು.